ರೊಮ್ಯಾನ್ಸ್ ಕಾದಂಬರಿನ ಓದೋದು ಹೇಗೆ, ತೂಗೋದು ಹೇಗೆ: ಸಸ್ಪೆನ್ಸ್‌ನಿಂದ ಹಿಸ್ಟಾರಿಕಲ್‌ವರೆಗೆ

ಕೊನೇಲಿ ಇಬ್ರೂ ಒಂದಾಗ್ತಾರೆ ಅಂತ ಮೊದಲ್ನೇ ಪುಟದಲ್ಲೇ ಗೊತ್ತಿರುತ್ತಲ್ಲ, ಅಂಥಾ ಪುಸ್ತಕ ಓದಿ ಚೆನ್ನಾಗಿದೆ ಚೆನ್ನಾಗಿಲ್ಲ ಅಂತ ಹೇಳೋಕೆ ಏನಿದೆ ಅಂತ ನನ್ನನ್ನ ತುಂಬಾ ಜನ ಕೇಳ್ತಾರೆ. ಗಿರಿಜಾ ಕಲ್ಯಾಣದ ಹರಿಕಥೆಗೆ ಹೋಗಿ ಕೂತವರು ಯಾರೂ ಶಿವ ಪಾರ್ವತೀನ ಮದುವೆ ಆಗ್ತಾನೋ ಇಲ್ವೋ ಅಂತ ಕಾಯ್ತಾ ಕೂತಿರಲ್ಲ, ಆದ್ರೂ ಕಾಮ ಸುಟ್ಟು ಬೂದಿಯಾದ್ಮೇಲೆ ಆ ಹುಡುಗಿ ತಪಸ್ಸಿಗೆ ಹೊರಡೋ ಜಾಗಕ್ಕೆ ದಾಸರು ಬಂದಾಗ ಇಡೀ ಪೆಂಡಾಲು ಸುಮ್ನಾಗಿಬಿಡುತ್ತೆ. ರೊಮ್ಯಾನ್ಸ್ ಓದೋದೂ ಹಾಗೇ, ಎಲ್ಲಿಗೆ ಹೋಗ್ತಿದ್ದೀವಿ ಅಂತ ಗೊತ್ತಿರೋದ್ರಿಂದಾನೇ ದಾರಿ ಮೇಲೆ ಪೂರ್ತಿ ಗಮನ ಇಡೋಕಾಗೋದು. ಇನ್ನೊಂದು ಮಾತು, ನಾವು ನಾವೆಲ್‌ಗೆ ಕಾದಂಬರಿ ಅಂತೀವಲ್ಲ, ಅದು ಬಾಣಭಟ್ಟನ ಸಂಸ್ಕೃತ ಪ್ರೇಮಕಥೆಯ ನಾಯಕಿ ಹೆಸರು, ಅದೇ ಕಥೇನ ನಾಗವರ್ಮ ಕರ್ಣಾಟಕ ಕಾದಂಬರಿ ಅಂತ ಕನ್ನಡಕ್ಕೆ ತಂದಿದ್ದ. ಒಂದು ಲವ್ ಸ್ಟೋರಿ ಹೆಸರನ್ನೇ ಇಡೀ ಪ್ರಕಾರಕ್ಕೆ ಇಟ್ಟುಕೊಂಡ ಭಾಷೆ ನಮ್ದು, ಹಾಗಾಗಿ ಲವ್ ಸ್ಟೋರಿ ಅಂದ ತಕ್ಷಣ ಅದು ಹಗುರ ಅನ್ನೋ ಧಾಟಿಯನ್ನ ಮೊದಲು ಪಕ್ಕಕ್ಕಿಡಿ. ಇಲ್ಲಿ ನಾನು ಹೇಳ್ತಿರೋದು ಹೆಚ್ಚಾಗಿ ಇಂಗ್ಲಿಷ್ ರೊಮ್ಯಾನ್ಸ್ ಬಗ್ಗೆ, ಯಾಕಂದ್ರೆ ಸಸ್ಪೆನ್ಸ್, ಹಿಸ್ಟಾರಿಕಲ್ ಅಂತ ಬೇರೆ ಬೇರೆ ಕಪಾಟು ಮಾಡಿಟ್ಟಿರೋದು ಅಲ್ಲೇ.

1980ರಲ್ಲಿ ಶುರುವಾದ ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಅನ್ನೋ ಲೇಖಕರ ಸಂಘ ಈ ಬಗೆಯ ಪುಸ್ತಕಕ್ಕೆ ಎರಡೇ ಲಕ್ಷಣ ಹೇಳುತ್ತೆ. ಕಥೆಯ ನಟ್ಟನಡುವೆ ಪ್ರೀತಿ ಇರ್ಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಟ್ಟು ಮುಂದಿನ ಬಾಳಿನ ಬಗ್ಗೆ ಭರವಸೆ ಹುಟ್ಟಿಸ್ಬೇಕು. ಅಷ್ಟೇ. ಹಾಗಾಗಿ ಕ್ಲೈಮ್ಯಾಕ್ಸ್ ಮೊದಲೇ ಗೊತ್ತಾಯ್ತು ಅಂತ ಸ್ಟಾರ್ ಕಟ್ ಮಾಡೋದು ನ್ಯಾಯ ಅಲ್ಲ. ನೀವು ಕೇಳ್ಬೇಕಾದ್ದು, ಆ ಸುಖಾಂತಾನ ಇವರಿಬ್ರೂ ದುಡಿದು ಸಂಪಾದಿಸಿದ್ರಾ ಇಲ್ಲಾ ಪುಟ ಮುಗೀತು ಅಂತ ಲೇಖಕಿ ತಂದು ಅವರ ಕೈಗಿಟ್ರಾ? ನನ್ನ ಅಷ್ಟೂ ಲೆಕ್ಕಾಚಾರ ಇದೊಂದು ಪ್ರಶ್ನೆ ಮೇಲೇ ನಿಂತಿದೆ.

ಇದನ್ನ ನನಗೆ ಕಲಿಸಿದ್ದು ನನ್ನ ಸೋದರತ್ತೆ. ನಮ್ಮ ಬೀದಿ ಕೊನೇಲಿ ಒಂದು ಬಾಡಿಗೆ ಲೈಬ್ರರಿ ಇತ್ತು, ಗೋಡೆ ತುಂಬಾ ಮಿಲ್ಸ್ ಅಂಡ್ ಬೂನ್ ಕಂಪನಿಯ ತೆಳು ಇಂಗ್ಲಿಷ್ ರೊಮ್ಯಾನ್ಸ್‌ಗಳು, ಬೆನ್ನಿಗೆ ಸೆಲೋ ಟೇಪು, ಒಳಗೆ ಕೊನೇ ಹಾಳೆಯಲ್ಲಿ ದಿನಾಂಕದ ಸೀಲುಗಳು. ಅತ್ತೆ ಮಧ್ಯಾಹ್ನ ಊಟದ ಪಾತ್ರೆ ಎಲ್ಲಾ ತೊಳೆದಿಟ್ಟು, ಹಿತ್ತಿಲ ಮೆಟ್ಟಿಲ ಮೇಲೆ ಕೂತು ಓದ್ತಿದ್ರು, ಕೈಯಲ್ಲೊಂದು ಪೆನ್ಸಿಲ್ ತುಂಡು. ಯಾವ ಪುಟದಲ್ಲಿ ಹೀರೋ ಮೊದಲ್ನೇ ಸಲ ಹೀರೋಯಿನ್ ಮಾತನ್ನ ನಿಜವಾಗಿ ಕೇಳಿಸ್ಕೊಂಡ ಅಂತ ಅವರಿಗೆ ಅನ್ಸುತ್ತೋ ಆ ಪುಟದ ಅಂಚಲ್ಲಿ ಒಂದು ಚಿಕ್ಕ ಚುಕ್ಕಿ ಇಡೋರು, ಅಳಿಸಿದ್ರೆ ಹೋಗೋವಷ್ಟು ತೆಳು. ಕೆಲವು ಪುಸ್ತಕದಲ್ಲಿ ಚುಕ್ಕಿ 30ನೇ ಪುಟದಲ್ಲೇ ಬರ್ತಿತ್ತು, ಕೆಲವಲ್ಲಿ 160ರಲ್ಲಿ, ಕೆಲವಲ್ಲಿ ಇಲ್ವೇ ಇಲ್ಲ. ಚುಕ್ಕಿ ಇಲ್ಲದ ಪುಸ್ತಕ ವಾಪಸ್ ಕೊಡುವಾಗ ಅತ್ತೆ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ನಾನು ಇವತ್ತಿಗೂ ಆ ಚುಕ್ಕಿ ಇಡ್ತೀನಿ, ಫೋನಲ್ಲಿ ಓದಿದ್ರೆ ಹೈಲೈಟ್ ಮಾಡ್ತೀನಿ, ನೀವೂ ಇಟ್ಟು ನೋಡಿ, ಒಂದು ಹತ್ತು ಪುಸ್ತಕ ಆದ್ಮೇಲೆ ನಿಮಗೆ ಯಾವುದು ಇಷ್ಟ ಯಾಕೆ ಇಷ್ಟ ಅಂತ ಆ ಚುಕ್ಕಿಗಳೇ ಹೇಳೋಕೆ ಶುರು ಮಾಡ್ತವೆ.

ಓದೋ ಕ್ರಮ ಹೇಳ್ಬೇಕಂದ್ರೆ, ತೂಗಿ ನೋಡ್ಬೇಕು ಅಂತಿರೋ ಪುಸ್ತಕಾನ ಎರಡು ಸಲ ಓದಿ. ಮೊದಲ್ನೇ ಸಲ ಆ ಚುಕ್ಕಿ ಒಂದು ಬಿಟ್ಟು ಬೇರೆ ಏನೂ ಗುರುತು ಹಾಕ್ಬೇಡಿ, ಸುಮ್ನೆ ಕಥೆ ಜೊತೆ ಹೋಗಿ, ಅಳು ಬಂದ್ರೆ ಅಳಿ, ಬೋರಾದ್ರೆ ಎಲ್ಲಿ ಬೋರಾಯ್ತು ಅಂತ ಮನಸ್ಸಲ್ಲಿ ಇಟ್ಕೊಳಿ. ಎರಡನೇ ಸಲ ಪೂರ್ತಿ ಓದ್ಬೇಕಾಗಿಲ್ಲ, ಮುಖ್ಯ ಜಾಗಗಳಿಗೆ ಮಾತ್ರ ಹೋಗಿ. ಆ ಜಾಗಗಳು ಯಾವುವು ಅನ್ನೋದಕ್ಕೆ ಪಮೇಲಾ ರೀಜಿಸ್ ಅನ್ನೋ ವಿದ್ವಾಂಸೆ 2003ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಎಂಟು ಹೆಸರಿಸಿದ್ದಾರೆ, ಇವರಿಬ್ರು ಬದುಕೋ ಸಮಾಜ ಎಂಥದು, ಭೇಟಿ, ತೊಡಕು, ಸೆಳೆತ, ಪ್ರೀತಿ ಇದೆ ಅಂತ ಬಾಯಿಬಿಟ್ಟು ಹೇಳೋದು, ಎಲ್ಲಾ ಮುಗಿದೇಹೋಯ್ತು ಅನ್ನೋ ಸಾವಿನಂಥ ಗಳಿಗೆ, ಅರಿವು, ಆಮೇಲೆ ಮದುವೆಯ ಒಪ್ಪಂದ. ಇದೇ ಆರ್ಡರಲ್ಲಿ ಬರ್ಬೇಕು ಅಂತೇನಿಲ್ಲ, ಒಂದೊಂದು ಎರಡು ಸಲ ಬರ್ಬಹುದು, ಒಂದು ಸಾಲಲ್ಲಿ ಮುಗಿದುಹೋಗ್ಬಹುದು. ನನ್ನ ಮಟ್ಟಿಗೆ ಎಂಟರಲ್ಲಿ ಅತಿ ಮುಖ್ಯವಾದ್ದು ತೊಡಕು. ಅದು ಗಟ್ಟಿ ಇದ್ರೆ ಉಳಿದ ಏಳು ತಾವಾಗಿ ನಿಂತ್ಕೋತವೆ.

ತೊಡಕನ್ನ ಪರೀಕ್ಷೆ ಮಾಡೋಕೆ ಸುಲಭದ ದಾರಿ ಇದೆ, ಇಬ್ರೂ ಐದು ನಿಮಿಷ ಕೂತು ಮಾತಾಡಿದ್ರೆ ಇದು ಮುಗಿದುಹೋಗುತ್ತಾ ಅಂತ ಕೇಳ್ಕೊಳಿ. ನಾನೇ ಒಂದು ಸೀನ್ ಕಟ್ಟಿ ತೋರಿಸ್ತೀನಿ. ಇಂಗ್ಲೆಂಡಿನ ಒಂದು ಸಣ್ಣ ಊರು, ಪುಸ್ತಕದಂಗಡಿ ನಡೆಸೋ ವಿಧವೆ, ಊರಿಗೆ ಹೊಸದಾಗಿ ಬಂದ ಡಾಕ್ಟರು. ಒಂದಿನ ಸಂಜೆ ರೈಲ್ವೆ ಸ್ಟೇಷನ್ನಲ್ಲಿ ಅವನು ಇನ್ನೊಬ್ಬ ಹೆಂಗಸನ್ನ ತಬ್ಕೊಂಡು ನಿಂತಿದ್ದನ್ನ ಇವಳು ನೋಡ್ತಾಳೆ, ಮಾತಾಡಿಸದೆ ಮನೆಗೆ ಬರ್ತಾಳೆ, ಆಮೇಲೆ ನೂರೈವತ್ತು ಪುಟ ಅವನ ಫೋನ್ ಎತ್ತಲ್ಲ, ಕೊನೇಲಿ ನೋಡಿದ್ರೆ ಅದು ಅವನ ತಂಗಿ. ಇದು ತೊಡಕಲ್ಲ, ಬರೀ ಎಳೆದಾಟ, ಒಂದು ಕಾಲ್ ಮಾಡಿದ್ರೆ ಪುಸ್ತಕ ಮುಗೀತು. ಈಗ ಅದೇ ಸ್ಟೇಷನ್, ಅದೇ ತಂಗಿ, ಆದ್ರೆ ಅವಳು ತಂಗಿ ಅಂತ ಇವಳಿಗೆ ಮೊದಲೇ ಗೊತ್ತು. ತಂಗಿಗೆ ಕಾಯಿಲೆ, ಅವಳ ನಾಲ್ಕು ವರ್ಷದ ಮಗೂನ ಡಾಕ್ಟರು ಮನೆಗೆ ಕರ್ಕೊಂಡು ಹೋಗಿ ಸಾಕ್ತೀನಿ ಅಂತ ಒಪ್ಕೊಂಡಿದಾನೆ. ಈ ವಿಧವೆ ತನ್ನ ಮಗೂನ ಮಣ್ಣು ಮಾಡಿ ಬಂದವಳು, ಇನ್ನೊಂದು ಮಗು ಇರೋ ಮನೇಲಿ ಕಾಲಿಡಲ್ಲ ಅಂತ ತನಗೆ ತಾನೇ ಮಾತು ಕೊಟ್ಕೊಂಡಿದಾಳೆ. ಈಗ ಐದು ನಿಮಿಷ ಅಲ್ಲ ಐದು ದಿನ ಮಾತಾಡಿದ್ರೂ ಬಗೆಹರಿಯಲ್ಲ, ಮಾತಾಡಿದಷ್ಟೂ ಗಂಟು ಬಿಗಿಯಾಗುತ್ತೆ, ಯಾಕಂದ್ರೆ ಇಬ್ರೂ ತಪ್ಪು ಮಾಡ್ತಿಲ್ಲ. ಯಾರೋ ಒಬ್ರು ಒಳಗಿಂದ ಬದಲಾಗ್ಬೇಕು, ಆ ಬದಲಾವಣೆಗೆ ಬೆಲೆ ಕೊಡ್ಬೇಕು. ಇಂಥ ತೊಡಕು ಸಿಕ್ಕಿದ್ರೆ ಭಾಷೆ ಸ್ವಲ್ಪ ಸಪ್ಪೆ ಇದ್ರೂ ನಾನು ಹೊಟ್ಟೆಗೆ ಹಾಕ್ಕೊಂಡು ಓದ್ತೀನಿ.

ಆ ಸಾವಿನಂಥ ಗಳಿಗೆ ಬಂದಾಗ ನೋಡ್ಬೇಕಾದ್ದು, ಅದು ಈ ತೊಡಕಿನ ಹೊಟ್ಟೆಯಿಂದಾನೇ ಹುಟ್ಟಿತಾ ಅಂತ. ಮುನ್ನೂರು ಪುಟ ಮಗು ವಿಷಯ ಕಟ್ಟಿ ಕೊನೇಲಿ ಕಾರ್ ಆಕ್ಸಿಡೆಂಟ್ ಮಾಡಿಸಿ ಆಸ್ಪತ್ರೇಲಿ ಇಬ್ರನ್ನೂ ಒಂದು ಮಾಡಿದ್ರೆ ಅದು ತೇಪೆ. ಹಾಗೇ ಕ್ಷಮೆ ಕೇಳೋ ಸೀನ್. ಹೀರೋ ನೆಕ್ಲೆಸ್ ತಂದ್ನಾ, ಊರ ಮುಂದೆ ಮಂಡಿಯೂರಿದ್ನಾ ಅನ್ನೋದು ಮುಖ್ಯ ಅಲ್ಲ, ತಾನು ಮಾಡಿದ ತಪ್ಪಿನ ಹೆಸರನ್ನ ಸರಿಯಾಗಿ ಹೇಳಿದ್ನಾ? ನಿನಗೆ ಬೇಜಾರಾಗಿದ್ರೆ ಸಾರಿ ಅನ್ನೋದಕ್ಕೂ, ನಿನ್ನನ್ನ ಕೇಳದೆ ನಿನ್ನ ಅಂಗಡಿ ವಿಷಯ ನಾನೇ ತೀರ್ಮಾನ ಮಾಡ್ದೆ ಅದು ತಪ್ಪು ಅನ್ನೋದಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ. ಇದು ಹೀರೋಯಿನ್‌ಗೂ ಅನ್ವಯಿಸುತ್ತೆ.

ಈಗ ಸಸ್ಪೆನ್ಸ್. ರೊಮ್ಯಾಂಟಿಕ್ ಸಸ್ಪೆನ್ಸಲ್ಲಿ ಎರಡು ಕಥೆ ಒಟ್ಟಿಗೆ ನಡೀಬೇಕು, ಒಂದು ಕೊಲೆನೋ ಬೆದರಿಕೆನೋ, ಇನ್ನೊಂದು ಪ್ರೀತಿ. ಕಷ್ಟ ಬರೋದು ಇಲ್ಲೇ, ತುಂಬಾ ಪುಸ್ತಕಗಳಲ್ಲಿ ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗಾಗಿರುತ್ತೆ, ಹೊರಗೆ ಕೊಲೆಗಾರ ಓಡಾಡ್ತಿರ್ತಾನೆ, ಒಳಗೆ ಇವರಿಬ್ರು ಇಪ್ಪತ್ತು ಪುಟ ಹಳೇ ಜಗಳ ಮಾತಾಡ್ತಿರ್ತಾರೆ. ನಾನು ಮಾಡೋ ಪರೀಕ್ಷೆ ಇಷ್ಟೇ, ಪ್ರೀತಿನ ಕಿತ್ತು ಹಾಕಿದ್ರೆ ಕೇಸ್ ಹಾಗೇ ಬಗೆಹರಿಯುತ್ತಾ, ಕೇಸನ್ನ ಕಿತ್ತು ಹಾಕಿದ್ರೆ ಪ್ರೀತಿ ಹಾಗೇ ನಡೆಯುತ್ತಾ? ಎರಡಕ್ಕೂ ಹೌದು ಅಂತ ಉತ್ತರ ಬಂದ್ರೆ ಎರಡು ಅರ್ಧ ಪುಸ್ತಕಾನ ಒಟ್ಟಿಗೆ ಬೈಂಡ್ ಮಾಡಿದಾರೆ ಅಂತ ಅರ್ಥ. ಒಳ್ಳೇ ಸಸ್ಪೆನ್ಸ್ ರೊಮ್ಯಾನ್ಸಲ್ಲಿ ಇವನನ್ನ ನಂಬ್ಲಾ ಬೇಡ್ವಾ ಅನ್ನೋ ಒಂದೇ ಪ್ರಶ್ನೆ ಎರಡೂ ಕಥೆಗೂ ಬೀಗದ ಕೈ ಆಗಿರುತ್ತೆ. ಅವಳಿಗೆ ಬೆದರಿಕೆ ಪತ್ರ ಬಂದ ರಾತ್ರಿ ಹೀರೋ ಏನ್ ಮಾಡ್ತಾನೆ ಅಂತ ಗಮನಿಸಿ, ಅವಳಿಗೆ ಹೇಳದೆ ಕೇಳದೆ ಮನೆ ಹಿಂಬಾಗಿಲ ಬೀಗ ಬದಲಾಯಿಸಿ ಕೀ ತನ್ನ ಜೇಬಿಗೆ ಹಾಕ್ಕೊಳ್ತಾನಾ, ಅಥವಾ ಹೊಸ ಬೀಗ ತಂದು ಟೇಬಲ್ ಮೇಲಿಟ್ಟು ಎರಡು ಕೀನೂ ಅವಳ ಕೈಗೆ ಕೊಡ್ತಾನಾ. ಲೇಖಕಿ ಮೊದಲ್ನೇದನ್ನ ಕಾಳಜಿ ಅಂತ ತೋರಿಸ್ತಿದ್ರೆ ನನಗೆ ಅಲ್ಲೇ ಪುಸ್ತಕದ ಮೇಲೆ ಅನುಮಾನ ಶುರು. ಇನ್ನು ಹೀರೋಯಿನ್ ಗೊತ್ತಿದ್ದೂ ಗೊತ್ತಿದ್ದೂ ರಾತ್ರಿ ಒಬ್ಬಳೇ ಕತ್ತಲೆ ನೆಲಮಾಳಿಗೆಗೆ ಇಳಿದ್ರೆ, ಹೋಗ್ಲೇಬೇಕು ಅನ್ನೋ ಕಾರಣ ಅವಳಿಗೆ ಇತ್ತಾ ಅಂತ ನೋಡಿ, ಧೈರ್ಯ ಬೇರೆ, ಪ್ಲಾಟ್ ಮುಂದೆ ಹೋಗ್ಲಿ ಅಂತ ಅವಳ ಬುದ್ಧಿ ಕಸ್ಕೊಳ್ಳೋದು ಬೇರೆ. ಕೊಲೆಗಾರ ಯಾರು ಅಂತ ಗೊತ್ತಾದ್ಮೇಲೆ ಹಿಂದಕ್ಕೆ ಹೋಗಿ ಮೂರು ಸುಳಿವಾದ್ರೂ ಸಿಗ್ಬೇಕು, ಸಿಗ್ಲಿಲ್ಲ ಅಂದ್ರೆ ಅದನ್ನ ಬರೀರಿ.

ಸಸ್ಪೆನ್ಸಿಂದ ಹಿಸ್ಟಾರಿಕಲ್‌ಗೆ ದಾಟೋಕೆ ಒಂದು ಸೇತುವೆ ಇದೆ, ಶಾರ್ಲೆಟ್ ಬ್ರಾಂಟೆ ಬರೆದ 1847ರ ಕಾದಂಬರಿ ಜೇನ್ ಐರ್. ಇನ್ನೂ ಓದಿಲ್ಲ ಅನ್ನೋರು ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ. ದೊಡ್ಡ ಮನೆ, ಅಲ್ಲಿ ಪಾಠ ಹೇಳೋಕೆ ಬಂದ ಜೇನ್, ಮೇಲಿನ ಮಹಡಿಯಿಂದ ಬರೋ ನಗು, ಅವಳು ಪ್ರೀತಿಸೋ, ಗುಟ್ಟು ಇಟ್ಕೊಂಡಿರೋ ಯಜಮಾನ, ಸಸ್ಪೆನ್ಸಿಗೆ ಬೇಕಾದ್ದೆಲ್ಲಾ ಇದೆ. ಆದ್ರೆ ಗುಟ್ಟು ಬಯಲಾದ್ಮೇಲೆ ತೊಡಕು ಕಮ್ಮಿ ಆಗಲ್ಲ, ಜಾಸ್ತಿ ಆಗುತ್ತೆ, ಯಾಕಂದ್ರೆ ಅವನ ಹೆಂಡತಿ ಬದುಕಿದಾಳೆ, ಅವಳಿಗೆ ಬುದ್ಧಿಭ್ರಮಣೆ. ಆಗಿನ ಇಂಗ್ಲೆಂಡಲ್ಲಿ ಇನ್ನೊಂದು ಮದುವೆ ಆಗೋ ಹಾಗೆ ಪೂರ್ತಿ ಡೈವೋರ್ಸ್ ಬೇಕಂದ್ರೆ ಪಾರ್ಲಿಮೆಂಟಲ್ಲೇ ಒಂದು ಕಾಯ್ದೆ ಪಾಸ್ ಆಗ್ಬೇಕಿತ್ತು, ಕೋರ್ಟಲ್ಲಿ ಸಿಗೋ ಹಾಗಾಗಿದ್ದು 1857ರ ಕಾನೂನಿಂದ, ಗುಣವಾಗದ ಬುದ್ಧಿಭ್ರಮಣೆ ಅನ್ನೋ ಕಾರಣಕ್ಕೆ ಡೈವೋರ್ಸ್ ಸಿಗೋಕೆ 1937ರವರೆಗೆ ಕಾಯ್ಬೇಕಾಯ್ತು. ಅಂದ್ರೆ ಜೇನ್ ಮುಂದಿರೋ ಗೋಡೆ ಲೇಖಕಿ ಬೇಕಂತ ಕಟ್ಟಿದ್ದಲ್ಲ, ಆ ದೇಶ ಕಟ್ಟಿದ್ದು. ಹಿಸ್ಟಾರಿಕಲ್ ರೊಮ್ಯಾನ್ಸಿನ ಶಕ್ತಿ ಇರೋದೇ ಇಲ್ಲಿ, ಕಾಲವೇ ತೊಡಕಾಗುತ್ತೆ.

ಹಾಗಾಗಿ ಹಿಸ್ಟಾರಿಕಲ್ ಕೈಗೆ ತಗೊಂಡ್ರೆ ಮೊದಲು ಇಸವಿ ಗುರುತು ಹಾಕ್ಕೊಳಿ. ಅತಿ ಹೆಚ್ಚು ಪುಸ್ತಕ ಬಂದಿರೋದು ರೀಜೆನ್ಸಿ ಕಾಲದ ಮೇಲೆ, ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ಕಾಯಿಲೆ ಬಿದ್ದು ಅವನ ಮಗ ರೀಜೆಂಟ್ ಆಗಿ, ಅಂದ್ರೆ ಅಪ್ಪನ ಪರವಾಗಿ, ಆಳಿದ ಕಾಲ, 1811ರ ಫೆಬ್ರವರಿಯಿಂದ 1820ರ ಜನವರಿವರೆಗೆ, ಒಂಬತ್ತೇ ವರ್ಷ. ಆ ಒಂಬತ್ತು ವರ್ಷದಲ್ಲಿ ಏನಿತ್ತು ಏನಿರ್ಲಿಲ್ಲ ಅಂತ ಸ್ವಲ್ಪ ತಲೇಲಿದ್ರೆ ತಪ್ಪು ತಾನಾಗೇ ಕಣ್ಣಿಗೆ ಬೀಳುತ್ತೆ. 1815ರಲ್ಲಿ ಯಾರಾದ್ರೂ ಬೆಂಕಿಕಡ್ಡಿ ಗೀಚಿ ದೀಪ ಹಚ್ಚಿದ್ರೆ ತಪ್ಪು, ಗೀಚೋ ಬೆಂಕಿಕಡ್ಡಿ ಬಂದಿದ್ದು 1820ರ ದಶಕದ ಕೊನೇಲಿ. ಹೀರೋಯಿನ್ ಪ್ಯಾಸೆಂಜರ್ ರೈಲು ಹತ್ತಿ ಓಡಿಹೋದ್ರೆ ತಪ್ಪು, ಲಿವರ್‌ಪೂಲ್ ಮ್ಯಾಂಚೆಸ್ಟರ್ ರೈಲು ಶುರುವಾಗಿದ್ದು 1830ರಲ್ಲಿ. ಪೋಸ್ಟ್ ಸ್ಟ್ಯಾಂಪ್ 1840ರದ್ದು, ಅದಕ್ಕೂ ಮೊದಲು ಕಾಗದ ತಗೊಂಡವರೇ ಸಾಮಾನ್ಯವಾಗಿ ದುಡ್ಡು ಕೊಡ್ಬೇಕಿತ್ತು, ಇದು ಗೊತ್ತಿರೋ ಲೇಖಕಿ ಆದ್ರೆ ಒಂದು ಬಡ ಹುಡುಗಿ ಪ್ರೇಮಪತ್ರಕ್ಕೆ ಕೊಡೋಕೆ ಚಿಲ್ಲರೆ ಹುಡುಕೋ ಸೀನನ್ನೇ ಬರೀತಾಳೆ, ಅಂಥಾ ಕಡೆ ನಾನು ಖುಷಿಯಿಂದ ಗುರುತು ಹಾಕ್ತೀನಿ. ಡ್ಯೂಕ್ ಅನ್ನೋ ದೊಡ್ಡ ಬಿರುದು ಇದ್ದವರ ವಿಷಯ ಹೇಳ್ಬೇಕಂದ್ರೆ ರಾಜಮನೆತನದವರನ್ನ ಬಿಟ್ರೆ ಆಗ ಮೂವತ್ತು ಜನ ಡ್ಯೂಕ್‌ಗಳೂ ಇರ್ಲಿಲ್ಲ, ಪುಸ್ತಕಗಳಲ್ಲಿ ಲೆಕ್ಕ ಇಲ್ಲದಷ್ಟು ಇದಾರೆ, ಇದನ್ನ ಮಾತ್ರ ನಾನು ತಪ್ಪು ಅಂತ ಎಣಿಸಲ್ಲ, ನಮ್ಮ ಕಥೆಗಳಲ್ಲಿ ಊರಿಗೊಬ್ಬ ರಾಜಕುಮಾರ ಇರಲ್ವಾ, ಹಾಗೆ.

ಬೆಂಕಿಕಡ್ಡಿಗಿಂತ ದೊಡ್ಡ ತಪ್ಪು ಮದುವೆ ಮತ್ತೆ ಆಸ್ತಿ ವಿಷಯದಲ್ಲಿ ಆಗೋದು. 1753ರ ಕಾಯ್ದೆ ಪ್ರಕಾರ ಇಂಗ್ಲೆಂಡಲ್ಲಿ ಮದುವೆ ಆಗ್ಬೇಕಂದ್ರೆ ಮೂರು ಭಾನುವಾರ ಚರ್ಚಲ್ಲಿ ಎಲ್ಲರೆದುರು ಸಾರ್ಬೇಕು, ಇಲ್ಲಾ ಲೈಸೆನ್ಸ್ ತಗೋಬೇಕು, 21 ತುಂಬಿಲ್ಲ ಅಂದ್ರೆ ಲೈಸೆನ್ಸಿಗೆ ತಂದೆ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿಗೆ ಆ ಕಾಯ್ದೆ ಇರ್ಲಿಲ್ಲ, ಅದಕ್ಕೇ ಓಡಿಹೋಗೋ ಜೋಡಿಗಳೆಲ್ಲಾ ಗಡಿ ದಾಟಿದ ತಕ್ಷಣ ಸಿಗೋ ಗ್ರೆಟ್ನಾ ಗ್ರೀನ್ ಅನ್ನೋ ಹಳ್ಳಿಗೆ ಹೋಗ್ತಿದ್ದಿದ್ದು. ಇನ್ನು ಹೆಂಡತಿ ದುಡ್ಡು, ಒಡವೆ ಎಲ್ಲಾ ಮದುವೆ ಆದ ಕ್ಷಣ ಗಂಡನ ಪಾಲು, ಅವಳ ಆಸ್ತಿ ಅವಳದೇ ಅಂತ ಪೂರ್ತಿಯಾಗಿ ಕಾನೂನು ಒಪ್ಕೊಂಡಿದ್ದು 1882ರಲ್ಲಿ. ದುಡ್ಡಿದ್ದ ಮನೆಯವರು ಮದುವೆಗೆ ಮುಂಚೆ ವಕೀಲರನ್ನ ಕೂರಿಸಿ ಪತ್ರ ಮಾಡಿಸ್ತಿದ್ರು. ಇದನ್ನ ಇಟ್ಕೊಂಡು ಓದಿ ನೋಡಿ, ಒಬ್ಬ ಶ್ರೀಮಂತ ಹುಡುಗಿ ಒಂದು ಕಾಗದಕ್ಕೂ ಸಹಿ ಹಾಕಿಸದೆ ಇವನನ್ನ ನಂಬಿ ಹೂಂ ಅಂದ್ರೆ ಆ ಹೂಂಗೆ ಎಷ್ಟು ತೂಕ ಇದೆ ಅಂತ. ಆ ತೂಕ ಲೇಖಕಿಗೆ ಗೊತ್ತಿದ್ರೆ ಸೀನ್ ನಡುಗುತ್ತೆ, ಗೊತ್ತಿಲ್ಲ ಅಂದ್ರೆ ಹುಡುಗಿ ಇವತ್ತಿನವಳು, ಬಟ್ಟೆ ಮಾತ್ರ ಹಳೇದು.

ಇಲ್ಲಿ ನಮ್ಮೂರಿನ ಓದುಗರಿಗೆ ಮಾತ್ರ ಕಾಣೋ ಒಂದು ವಿಷಯ ಇದೆ, ಅದನ್ನ ಬಿಟ್ಕೊಡ್ಬೇಡಿ. ರೀಜೆನ್ಸಿ ಹೀರೋಗಳಲ್ಲಿ ಅರ್ಧ ಜನ ವೆಲ್ಲಿಂಗ್ಟನ್ ಕೈಕೆಳಗೆ ಯುದ್ಧ ಮಾಡಿ ಗಾಯ ಮಾಡ್ಕೊಂಡು ಬಂದ ಕ್ಯಾಪ್ಟನ್‌ಗಳು, ಇನ್ನು ಕೆಲವರು ಇಂಡಿಯಾದಲ್ಲಿ ದುಡ್ಡು ಮಾಡ್ಕೊಂಡು ಬಂದವರು. 1815ರಲ್ಲಿ ವಾಟರ್‌ಲೂ ಯುದ್ಧ ಗೆದ್ದ ಆ ವೆಲ್ಲಿಂಗ್ಟನ್ನೇ 1799ರಲ್ಲಿ ಆರ್ಥರ್ ವೆಲ್ಲೆಸ್ಲಿ ಅಂತ ಶ್ರೀರಂಗಪಟ್ಟಣದಲ್ಲಿದ್ದವನು, ಟಿಪ್ಪು ಸತ್ತ ಮೇಲೆ ಅಲ್ಲಿನ ಆಡಳಿತ ನೋಡ್ಕೊಂಡು, ನಾವು ಸ್ಕೂಲ್ ಟೂರಲ್ಲಿ ನೋಡ್ತೀವಲ್ಲ, ಆ ದರಿಯಾ ದೌಲತ್‌ನಲ್ಲಿ ವಾಸ ಮಾಡಿದವನು. ಕೋಟೆ ಬಿದ್ಮೇಲೆ ಸಿಪಾಯಿಗಳು ಅರಮನೆ, ಮನೆ ಎಲ್ಲಾ ಲೂಟಿ ಮಾಡಿದ್ರು, ಖಜಾನೇನ ಲೆಕ್ಕ ಹಾಕಿ ಸೈನ್ಯದೊಳಗೆ ಹಂಚ್ಕೊಂಡ್ರು. ಟಿಪ್ಪುವಿನ ಮರದ ಹುಲೀನ, ಹಿಡಿ ತಿರುಗಿಸಿದ್ರೆ ಸದ್ದು ಮಾಡೋ ಯಂತ್ರದ ಬೊಂಬೆ ಅದು, 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಲ್ಲಿ, ಅಂದ್ರೆ ಕಂಪನಿಯ ಕಚೇರೀಲಿ, ಜನ ನೋಡೋಕೆ ಇಟ್ಟಿದ್ರು, ಅಂದ್ರೆ 1812ರ ಒಬ್ಬ ಹೀರೋಯಿನ್ ಅದನ್ನ ಹೋಗಿ ನೋಡಿ ಅದರ ಹಿಡಿ ತಿರುಗಿಸಿ ಘರ್ಜನೆ ಕೇಳಿಸ್ಕೊಂಡಿರೋದು ಪೂರ್ತಿ ಸಾಧ್ಯ. ಹೀಗಿರುವಾಗ ಹೀರೋ ಜೇಬಿಂದ ಒಂದು ಕೆಂಪು ಕಲ್ಲಿನ ಉಂಗುರ ತೆಗೆದು ಇಂಡಿಯಾದಿಂದ ತಂದಿದ್ದು ಅಂತ ಅವಳ ಬೆರಳಿಗೆ ಹಾಕಿದ್ರೆ, ಯಾರ ಬೆರಳಿಂದ ಬಂತು ಅದು ಅಂತ ಕೇಳೋ ಹಕ್ಕು ನಮಗಿದೆ. ಹಾಗಂತ ಪುಸ್ತಕ ಬಿಸಾಡಿ ಅಂತ ಹೇಳ್ತಿಲ್ಲ. ಲೇಖಕಿ ಆ ಪ್ರಶ್ನೇನ ನೋಡಿದಾಳಾ, ಹೀರೋಗೆ ಆ ಉಂಗುರ ಒಂದಿನ ಆದ್ರೂ ಭಾರ ಅನ್ಸಿತಾ ಅಂತ ನೋಡಿ, ಅನ್ಸಿದ್ರೆ ಅದು ದೊಡ್ಡ ಪುಸ್ತಕ. ಗುಲಾಮರು ದುಡೀತಿದ್ದ ಕೆರಿಬಿಯನ್ ಸಕ್ಕರೆ ತೋಟದ ದುಡ್ಡಿಗೂ ಇದೇ ಮಾತು, ಬ್ರಿಟಿಷರು ಗುಲಾಮರ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ, ಗುಲಾಮಗಿರಿ ರದ್ದಾಗೋ ಕಾಯ್ದೆ ಬಂದಿದ್ದು 1833ರಲ್ಲಿ, ಅಂದ್ರೆ ರೀಜೆನ್ಸಿ ಡಾನ್ಸ್ ಪಾರ್ಟಿಗಳು ನಡೀತಿದ್ದಾಗ ಆ ತೋಟಗಳೂ ನಡೀತಿದ್ವು.

ಹಳೇ ಪುಸ್ತಕಗಳ ಬಗ್ಗೆ ಒಂದು ಎಚ್ಚರಿಕೆ. 1972ರಿಂದ ಅಮೆರಿಕದಲ್ಲಿ ದಪ್ಪ ದಪ್ಪ ಹಿಸ್ಟಾರಿಕಲ್ ಪೇಪರ್‌ಬ್ಯಾಕ್‌ಗಳ ಒಂದು ಅಲೆ ಬಂತು, ಅದರಲ್ಲಿ ಎಷ್ಟೋ ಕಡೆ ಹೀರೋನೇ ಹೀರೋಯಿನ್ ಮೇಲೆ ಬಲವಂತ ಮಾಡ್ತಾನೆ, ಆಮೇಲೆ ಅದೇ ಪ್ರೀತಿ ಆಗುತ್ತೆ. ಆ ಕಾಲದಲ್ಲಿ ಯಾಕೆ ಹಾಗೆ ಬರೆದ್ರು, ಹೆಂಗಸರು ಯಾಕೆ ಓದಿದ್ರು ಅನ್ನೋದು ಚರ್ಚೆ ಮಾಡ್ಬೇಕಾದ ವಿಷಯವೇ, ಆದ್ರೆ ನೀವು ಇವತ್ತು ಇನ್ನೊಬ್ಬರಿಗೆ ಆ ಪುಸ್ತಕದ ಬಗ್ಗೆ ಹೇಳುವಾಗ ಬಲವಂತ ಇದೆ ಅಂತ ನೇರವಾಗಿ ಹೇಳ್ಬಿಡಿ, ಕಾಲ ಹಾಗಿತ್ತು ಅಂತ ಮುಚ್ಚಿಡ್ಬೇಡಿ, ಯಾರ ಮನಸ್ಸಿಗೆ ಏನು ಗಾಯ ಇದೆಯೋ ನಮಗೆ ಗೊತ್ತಿರಲ್ಲ.

ತೆಳು ಸೀರೀಸ್ ಪುಸ್ತಕಗಳನ್ನ ಅದರದೇ ಅಳತೇಲಿ ತೂಗಿ. ಮಿಲ್ಸ್ ಅಂಡ್ ಬೂನ್ 1908ರಲ್ಲಿ ಲಂಡನ್ನಲ್ಲಿ ಶುರುವಾಗಿದ್ದು, ಕೆನಡಾದ ಹಾರ್ಲೆಕ್ವಿನ್ ಅದನ್ನ 1971ರಲ್ಲಿ ಕೊಂಡ್ಕೊಂತು, ಅವರ ಎಷ್ಟೋ ಪುಸ್ತಕ ಐವತ್ತು ಸಾವಿರ ಪದದ ಆಸುಪಾಸು. ಅಷ್ಟರೊಳಗೆ ಭೇಟಿಯಿಂದ ಮದುವೆವರೆಗೆ ಹೋಗ್ಬೇಕಂದ್ರೆ ಒಂದು ಸಾಲೂ ದಂಡ ಆಗೋ ಹಾಗಿಲ್ಲ, ಉಪಕಥೆ ಇಲ್ಲ ಅಂತ ದೂರೋದು ಚುಟುಕ ಓದಿ ಮಹಾಕಾವ್ಯ ಯಾಕಿಲ್ಲ ಅಂದ ಹಾಗೆ.

ಕೊನೇದಾಗಿ ಬರೆಯೋದು. ರೇಟಿಂಗ್ ಕೊಡೋ ಮುಂಚೆ ಎರಡು ಬೇರೆ ಬೇರೆ ಸಾಲು ಬರೀರಿ, ಒಂದು ನನಗೆ ಹೇಗನ್ನಿಸ್ತು, ಇನ್ನೊಂದು ಪುಸ್ತಕ ತಾನು ಕೊಟ್ಟ ಮಾತು ಉಳಿಸ್ಕೊಂತಾ. ನನಗೆ ಕುಡುಕ ಹೀರೋ ಕಂಡ್ರೆ ಆಗಲ್ಲ, ಅದು ನನ್ನ ವಿಷಯ, ಪುಸ್ತಕದ ದೋಷ ಅಲ್ಲ. ಎಷ್ಟು ಬಿಸಿ ಇದೆ ಅಂದ್ರೆ ಬೆಡ್‌ರೂಮ್ ಬಾಗಿಲು ಮುಚ್ಚಿದೆಯಾ ತೆರೆದಿದೆಯಾ ಅಂತ ಹೇಳಿ, ಜನಕ್ಕೆ ಅದು ಬೇಕು. ಕೊಲೆಗಾರನ ಹೆಸರು ಹೇಳ್ಬೇಡಿ, ಇಬ್ರೂ ಒಂದಾಗ್ತಾರೆ ಅನ್ನೋದು ಸ್ಪಾಯ್ಲರ್ ಅಲ್ಲ. ಮತ್ತೆ ಓದುಗರನ್ನ ಕೀಳಾಗಿ ಕಾಣ್ಬೇಡಿ. ಜಾನಿಸ್ ರ‍್ಯಾಡ್‌ವೇ ಅನ್ನೋರು ಅಮೆರಿಕದ ಒಂದು ಊರಿನ ರೊಮ್ಯಾನ್ಸ್ ಓದೋ ಹೆಂಗಸರನ್ನ ಮಾತಾಡಿಸಿ 1984ರಲ್ಲಿ ಒಂದು ಪುಸ್ತಕ ಬರೆದ್ರು, ಮನೆಯವರಿಗೆಲ್ಲಾ ಮಾಡಿ ಹಾಕೋ ದಿನದಲ್ಲಿ ಓದೋ ಆ ಹೊತ್ತೊಂದೇ ತಮಗೆ ಅಂತ ಇರೋದು ಅನ್ನೋದು ಆ ಹೆಂಗಸರ ಮಾತಲ್ಲಿ ಮತ್ತೆ ಮತ್ತೆ ಬರುತ್ತೆ. ಅದನ್ನ ಓದಿದಾಗ ನನಗೆ ಹಿತ್ತಿಲ ಮೆಟ್ಟಿಲು ಕಣ್ಮುಂದೆ ಬಂತು.

ಹೋದ ವಾರ ಮುಗಿಸಿದ ಒಂದು ಹಿಸ್ಟಾರಿಕಲ್ ಬಗ್ಗೆ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದನ್ನ ಹಾಗೇ ಇಲ್ಲಿ ಹಾಕ್ತೀನಿ, ನಿಮ್ಮದು ಬೇರೆ ಥರ ಇರ್ಬಹುದು: "1816, ಲಂಡನ್ ಮತ್ತೆ ಯಾರ್ಕ್‌ಶೈರ್. ತೊಡಕು, ಅವಳ ತಮ್ಮನ ಸಾಲಪತ್ರ ಇವನ ಕೈಯಲ್ಲಿದೆ, ಅದು ಇವನಿಗೂ ಗೊತ್ತು ಅವಳಿಗೂ ಗೊತ್ತು, ಗಟ್ಟಿ ಇದೆ. ಮಧ್ಯೆ ಅರವತ್ತು ಪುಟ ಬರೀ ಪಾರ್ಟಿ, ಜಗ್ಗುತ್ತೆ. ಸಾಲಪತ್ರಾನ ಅವನು ಹರಿದು ಹಾಕ್ತಾನೆ ಅಂದ್ಕೊಂಡಿದ್ದೆ, ಹರಿಯಲ್ಲ, ಅವಳ ಕೈಗೆ ಕೊಟ್ಟು ಏನ್ ಮಾಡ್ಬೇಕು ನೀನೇ ಹೇಳು ಅಂತಾನೆ. ಬೆಡ್‌ರೂಮ್ ಬಾಗಿಲು ಅರ್ಧ ತೆರೆದಿದೆ. ಅತ್ತೆಗೆ ಕೊಡ್ಬಹುದು. ಚುಕ್ಕಿ 88ನೇ ಪುಟ."